ಕಾಲುವೆ ಬಂದ ತಿಂಗಳ ಸುದ್ದಿ

ನಮ್ಮ ಶಾಸಕರು ತಿಂಗಳಿಗೊಮ್ಮೆ ಕ್ಷೇತ್ರದ ಜನರ ಫೋನಿಗೆ ಕಳಿಸುವ ಸುದ್ದಿಪತ್ರವನ್ನು ಬರೆಯುವವಳು ನಾನು. ಯಾವ ರಸ್ತೆಗೆ ಡಾಂಬರು ಬಂತು, ಕೊಬ್ಬರಿ ಖರೀದಿ ಕೇಂದ್ರ ಯಾವಾಗ ತೆರೆಯುತ್ತದೆ, ಸದನದಲ್ಲಿ ಸಾಹೇಬರು ಏನು ಕೇಳಿದರು, ಊರುಗಳಲ್ಲಿ ಯಾರು ತೀರಿಕೊಂಡರು, ಎಲ್ಲ ಅದರಲ್ಲೇ. ಸಾಹೇಬರು ಎರಡು ಮಾತು ಹೇಳಿ ಕಾರು ಹತ್ತುತ್ತಾರೆ. ಮಿಕ್ಕಿದ್ದೆಲ್ಲ ನನ್ನ ತಲೆಗೆ. ಪೂರ್ತಿ ಓದುವವರು ಕಡಿಮೆ, ತಮ್ಮೂರಿನ ಹೆಸರು ಬಂದಿದೆಯೇ ಎಂದು ಹುಡುಕುವವರೇ ಹೆಚ್ಚು.

ಒಬ್ಬರು ಮಾತ್ರ ಮೊದಲಿನಿಂದ ಕೊನೆಯವರೆಗೂ ಓದುತ್ತಿದ್ದರು, ನನ್ನ ಅಪ್ಪ. ಶೆಟ್ಟಿಕೆರೆ ಪಕ್ಕದ ನಮ್ಮ ಹಳ್ಳಿಯ ಜಗಲಿಯಲ್ಲಿ ಕೂತು, ಫೋನನ್ನು ಕಣ್ಣಿನ ಹತ್ತಿರ ಹಿಡಿದು ಓದಿ, ಕೊನೆಗೆ ಕೇಳುತ್ತಿದ್ದುದು ಒಂದೇ. "ಕಾಲುವೆ ಸುದ್ದೀನೇ ಇಲ್ವಲ್ಲವ್ವ?"

ನಮ್ಮ ಕೆರೆಗೆ ಹೇಮಾವತಿ ನೀರು ತರಬೇಕೆಂದು ವರ್ಷಗಟ್ಟಲೆ ಓಡಾಡಿದವರಲ್ಲಿ ಅವರೂ ಒಬ್ಬರು. ಅವ್ವ ರೇಗಿಸುತ್ತಿದ್ದಳು. "ನೀರು ಬರೋ ಹೊತ್ಗೆ ನಾನು ಮಣ್ಣಾಗಿರ್ತೀನಿ ಬುಡಿ." ಹಾಗೇ ಆಯಿತು. ನಮ್ಮ ಮನೆಗಳ ರೂಢಿಯಂತೆ ತೋಟದಲ್ಲೇ, ಅವಳು ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ತೆಂಗಿನ ಮರದ ಪಕ್ಕ ಮಣ್ಣು ಮಾಡಿದೆವು. ಅಪ್ಪ ದಿನಾ ಸಂಜೆ ಅಲ್ಲಿ ಹೋಗಿ ಕೂರುತ್ತಿದ್ದರು. ಅವಳ ಜೊತೆ ಮಾತಾಡುತ್ತಿದ್ದರೋ ಏನೋ, ನಾನು ಹತ್ತಿರ ಹೋದರೆ ಸುಮ್ಮನೆ ಬೀಡಿ ಹಚ್ಚುತ್ತಿದ್ದರು.

ಕೊನೆಗೂ ಕಾಲುವೆ ಮಂಜೂರಾಯಿತು. ಆ ಸುದ್ದಿಯನ್ನು ಕುಣಿಯುತ್ತ ಬರೆದೆ. ಸ್ವಲ್ಪ ದಿನಕ್ಕೆ ಸರ್ವೆಯವರು ಬಂದು ನಮ್ಮ ತೋಟದಲ್ಲಿ ಬಣ್ಣ ಬಳಿದ ಕಲ್ಲು ನೆಟ್ಟು ಹೋದರು. ಒಂದು ಅವ್ವನ ತಲೆಯ ಕಡೆ, ಇನ್ನೊಂದು ಕಾಲಿನ ಕಡೆ. ಕಾಲುವೆ ಅವಳ ಮೇಲೇ ಹಾಯಬೇಕಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ಇವರ ಗುಣಗಾನ ಬರೆದದ್ದಕ್ಕೆ ಇದೇ ಏನು ಎಂದು ನೇರವಾಗಿ ಸಾಹೇಬರ ಮುಂದೆ ಹೋಗಿ ನಿಂತೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ಎಂಜಿನಿಯರನ್ನು ಕರೆಸಿ ನಕ್ಷೆ ಬಿಚ್ಚಿಸಿದರು.

"ಸ್ವಲ್ಪ ತಿರುಗಿಸ್ಬೋದು ಕಣಮ್ಮ. ಆದ್ರೆ ಪಕ್ಕದ ತೋಟ ಪೂರ್ತಿ ಹೋಯ್ತದೆ. ನಿಮ್ಮಪ್ಪ ಹೂಂ ಅಂದ್ರೆ ಮಾಡುಸ್ತೀನಿ" ಅಂದರು ಸಾಹೇಬರು. ಪಕ್ಕದ ತೋಟ ಗಂಡ ಸತ್ತ ಹೆಂಗಸೊಬ್ಬಳದು. ಅದೊಂದು ಬಿಟ್ಟರೆ ಅವಳಿಗೆ ಬೇರೇನೂ ಇಲ್ಲ.

ಓಡಿಬಂದು ಅಪ್ಪನಿಗೆ ಹೇಳಿದೆ. ಹೂಂ ಅನ್ನಲಿ ಎಂದೇ ನನ್ನ ಆಸೆಯಿತ್ತು. ಅವರು ಪಕ್ಕದ ತೋಟದ ಕಡೆ ಕೈ ತೋರಿಸಿದರು.

"ಅದು ಬದುಕಿರೋರ ಜಾಗ ಕಣವ್ವ. ನಮ್ದು ಹೋದೋರ ಜಾಗ. ನೀರು ನೇರ ಹೋಗ್ಲಿ ಬುಡು."

"ಹಂಗಾದ್ರೆ ಅವ್ವನ ಮೂಳೆನಾದ್ರೂ ಎತ್ತಿ ಬೇರೆ ಕಡೆ ಇಡಾಣ ಕಣಪ್ಪ."

"ಅಲ್ಲಿ ಆಳ ಅಗಿಯಲ್ವಂತೆ, ಮೇಲೆ ಕಾಂಕ್ರೀಟು ಹಾಕ್ತಾರಂತೆ. ಮಲಗಿರೋಳ್ನ ಎಬ್ಬುಸ್ಬ್ಯಾಡ. ನೀರು ಬೇಕು ಅಂತ ಕೇಳ್ದೋನು ನಾನೇ ಅಲ್ವಾ?" ಎಂದು ಟವಲಿನಿಂದ ಮುಖ ಮುಚ್ಚಿಕೊಂಡು ಅತ್ತರು. ಅವ್ವ ಸತ್ತ ದಿನವೂ ಅವರು ಹಾಗೆ ಅತ್ತಿರಲಿಲ್ಲ.

ಅವಳ ಮರ ಉರುಳಿಸಿದ ದಿನ ಅಪ್ಪ ಮನೆಯಿಂದ ಹೊರಗೆ ಬರಲಿಲ್ಲ. ಆಮೇಲೆ ಸಂಜೆ ಹೋಗಿ ಕೂರಲು ಜಾಗವೂ ಇರಲಿಲ್ಲ. ಆ ಹೊತ್ತಿಗೆ ಚಪ್ಪಲಿ ಮೆಟ್ಟಿ ಅಂಗಳದವರೆಗೆ ಹೋಗಿ, ವಾಪಸು ಬಂದು ಬಿಡುತ್ತಿದ್ದರು. ಅದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ನೀರು ಬಂತು. ಊರಿಗೆ ಊರೇ ನಮ್ಮ ತೋಟದಂಚಿನ ಕಾಲುವೆ ಏರಿಯ ಮೇಲೆ ನೆರೆಯಿತು. ಸಾಹೇಬರು ಬಾಗಿನ ಬಿಟ್ಟರು. ಆ ತಿಂಗಳ ಸುದ್ದಿಪತ್ರಕ್ಕೆ ಅದೇ ಫೋಟೊ. ಆಫೀಸಿನ ಸಹಾಯಕ ಅದನ್ನು ನೋಡಿ, "ಅಕ್ಕ, ಮೂಲೇಲಿ ಯಾರೋ ಮುದುಕಪ್ಪ ಸಾಹೇಬ್ರಿಗೆ ಬೆನ್ನು ಹಾಕಿ ನಿಂತವ್ನೆ, ಕತ್ತರ್ಸಿಬುಡಿ" ಅಂದ.

ಅದು ಅಪ್ಪ. ಬರಿಗಾಲಲ್ಲಿ ನಿಂತು, ಎಲ್ಲರಿಂದ ಬೇರೆಯೇ ಕಡೆ ತಿರುಗಿ ಕೈಮುಗಿದಿದ್ದರು. ಕತ್ತರಿಸಲಿಲ್ಲ. "ಗಂಗೆಗೆ ಕೈಮುಗಿದ ಗ್ರಾಮಸ್ಥರು" ಎಂದು ಕೆಳಗೆ ಬರೆದು ಕಳಿಸಿದೆ. ಬೇರೇನು ಬರೆಯಲಿ?

ಅಂದು ಮನೆಗೆ ಹೋದಾಗ ಅಪ್ಪ ಜಗಲಿಯಲ್ಲಿ ಅದನ್ನೇ ನೋಡುತ್ತಿದ್ದರು. ಫೋಟೊವನ್ನು ಬೆರಳಲ್ಲಿ ಹಿಗ್ಗಿಸಿದರು, ಇನ್ನಷ್ಟು ಹಿಗ್ಗಿಸಿದರು. ಬರೀ ನೀರು.

"ಚೆನ್ನಾಗ್ ಬಂದದೆ ಕಣವ್ವ" ಅಂದರು. "ನಿಮ್ಮವ್ವ ಒಬ್ಳು ಕಾಣಕ್ಕಿಲ್ಲ."