ಸಿದ್ರಾಮ ಕಾಕಾನ ಚಿತ್ರದ ರೇಡಿಯೋ

ಮುಖ ಕಾಣದ ಹಾಡನ್ನು ಸಿದ್ರಾಮ ಕಾಕಾ ಕೇಳುತ್ತಲೇ ಇರಲಿಲ್ಲ. ಬನಹಟ್ಟಿಯಲ್ಲಿ ನಮ್ಮ ಪಕ್ಕದ ಮನೆಯವರು. ಜೀವಮಾನವೆಲ್ಲ ಪವರ್‌ಲೂಮ್ ನಡೆಸಿ, ಕೊನೆಗೆ ಮಗ್ಗ ಮಾರಿದ ದಿನ ಹೆಂಡತಿ ನೀಲವ್ವ ಕಾಕಿಗೆ ಮಾತು ಕೊಟ್ಟಿದ್ದರು: "ಇಷ್ಟ ದಿನ ಬರೇ ಖಟಖಟ ಕೇಳಿದ್ವಿ. ಇನ್ನ ದಿನಾ ಸಂಜೀಕ ಇಬ್ರೂ ಕೂಡಿ ಕುಂತು ಹಾಡ ಕೇಳೂಣು." ಆ ಮಾತಿಗೆ ಒಂದು ಸಂಜೆಯೂ ತಪ್ಪಿದವರಲ್ಲ.

ಅವರ ಟ್ಯಾಬಿಗೆ ಇಂಟರ್ನೆಟ್ ರೇಡಿಯೋ ಹಾಕಿಕೊಟ್ಟವನು ಶಾಲಾ ಮಾಸ್ತರನಾದ ನಾನು. ಭಜನೆ, ಮರಾಠಿ ನಾಟ್ಯಗೀತೆ, ಹಳೆಯ ಸಿನಿಮಾ ಹಾಡು, ಯಾವ ಸ್ಟೇಷನ್ ಹಚ್ಚಿದರೂ ಪ್ಲೇಯರಿನಲ್ಲಿ ಚಿತ್ರವಿರಬೇಕಾದ ಜಾಗದಲ್ಲಿ ಅದೇ ಬೂದು ಚೌಕ. ಕಾಕಾ ರೇಗಿದರು.

"ಏನಲೇ ಮಾಸ್ತರ, ಎಲ್ಲಾ ಬೋಳ ಬೋಳ! ದಡಿ-ಸೆರಗ ಇಲ್ಲದ ಸೀರಿ ಯಾರರ ಉಡ್ತಾರೇನು?"

ಒಳಗಿನಿಂದ ತಾವೇ ನೇಯ್ದ ಸೀರೆಯ ಮಾದರಿ ತುಂಡುಗಳ ಗಂಟು ತಂದು ಸುರಿದರು. ನಾನು ಫೋಟೋ ತೆಗೆದು ಸ್ಟೇಷನ್ನಿಗೊಂದು ಚಿತ್ರ ಹಚ್ಚಿದೆ. ಭಜನೆಗೆ ರುದ್ರಾಕ್ಷಿ ಅಂಚು, ನಾಟ್ಯಗೀತೆಗೆ ನವಿಲಿನ ಸೆರಗು, ಸಿನಿಮಾ ಹಾಡಿಗೆ ಗುಲಾಬಿ ಚೌಕಡಿ. ಆಮೇಲೆ ಕಾಕಾನ ದರಬಾರು ನೋಡಬೇಕಿತ್ತು! ರುದ್ರಾಕ್ಷಿ ಬಂದರೆ ಕೈಮುಗಿಯುವುದು, ನವಿಲಿಗೆ "ಆಹಾ" ಎಂದು ತಲೆದೂಗುವುದು, ಗುಲಾಬಿ ಬಂದರೆ ಕಾಕಿಯತ್ತ ಕಳ್ಳನಗೆ. ಇಂಥ ರಸಿಕ ಓಣಿಯಲ್ಲೇ ಇನ್ನೊಬ್ಬನಿಲ್ಲ ಎಂದುಕೊಂಡಿದ್ದೆ.

ಎದುರಿನವರ ತುಟಿ ನೋಡುತ್ತಲೇ ಮಾತಾಡುವುದು ಅವರ ರೂಢಿ. ಮಗ್ಗದ ಊರಿನಲ್ಲಿ ಅದೇನು ವಿಶೇಷವಲ್ಲ. ಆ ಸದ್ದಿನಲ್ಲಿ ಎಲ್ಲರೂ ಹಾಗೆಯೇ ಕಲಿತಿರುತ್ತಾರೆ.

ಕಳೆದ ಶ್ರಾವಣದ ಒಂದು ಸಂಜೆ, ವರ್ಗವಾಗಿ ಊರು ಬಿಡುವ ಮುನ್ನ, ನಾನು ಅವರನ್ನು ಕಡೆಯದಾಗಿ ನೋಡಿದ್ದು. ಇಬ್ಬರೂ ಕಟ್ಟೆಯ ಮೇಲೆ ಕೂತಿದ್ದರು. ಪರದೆಯ ಮೇಲೆ ನವಿಲು. ಕಾಕಾ ತೊಡೆ ತಟ್ಟಿ ತಾಳ ಹಾಕುತ್ತಿದ್ದರು. ಆದರೆ ಟ್ಯಾಬಿನಿಂದ ಪಿಟ್ಟೆಂಬ ಸದ್ದಿಲ್ಲ. ಬಗ್ಗಿ ನೋಡಿದೆ: ಸ್ಟೇಷನ್ ಕಡಿದುಹೋಗಿದೆ, ನಾನು ಹಚ್ಚಿದ ಚಿತ್ರವಷ್ಟೇ ಉಳಿದಿದೆ.

"ಕಾಕಾ!" ಎಂದೆ, ಬೆನ್ನ ಹಿಂದಿನಿಂದ. ತಿರುಗಲಿಲ್ಲ. ಗಂಟಲು ಹರಿಯುವಂತೆ ಕೂಗಿದೆ. ತಾಳ ತಪ್ಪಲಿಲ್ಲ.

ಈ ಮನುಷ್ಯನಿಗೆ ಕಿವಿಯೇ ಕೇಳುವುದಿಲ್ಲ! ಹಾಗಾದರೆ ಇಷ್ಟು ಸಂಜೆ ಅವರು ಕೇಳಿದ್ದಾದರೂ ಏನನ್ನು? ಏನು ಮಾಡಬೇಕೆಂದು ತೋಚದೆ, ರೇಡಿಯೋ ಮತ್ತೆ ಹಚ್ಚಲು ಕೈಚಾಚಿದೆ. ಕಾಕಿ ನನ್ನ ಮಣಿಕಟ್ಟು ಹಿಡಿದರು. ಆಗಲೇ ನೋಡಿದ್ದು, ಆ ನಿಶ್ಶಬ್ದಕ್ಕೆ ಅವರೂ ಗಂಡನ ಜೊತೆ ತಲೆದೂಗುತ್ತಿದ್ದರು.

"ಕಾಕೀ, ನಿಮಗ ಗೊತ್ತಿತ್ತೇನ್ರಿ?"

ಕಾಕಿ ಸೆರಗಿನಿಂದ ತುಟಿ ಮರೆಮಾಡಿಕೊಂಡರು. "ಮಗ್ಗ ಮಾರೂಕಿಂತ ಮೊದ್ಲ ಗೊತ್ತಿತ್ತು. ನನಗ ಗೊತ್ತೈತಿ ಅಂತ ಅವ್ರಿಗೆ ಹೇಳಬ್ಯಾಡ. ಸುಮ್ನ ಕುಂದರು, ಹಾಡ ಮುಗೀಲಿ."