ಸ್ಪೇನಿನಲ್ಲಿ ಕೊಂಡೆ ಎಂದ ಹ್ಯಾಟು

ನಾನು ಸುಳ್ಳು ಹೇಳಿದೆ. ಬಾಯಿತಪ್ಪಿ ಅಲ್ಲ—ಯೋಚಿಸಿ, ನಗುನಗುತ್ತಾ ಹೇಳಿದೆ. ಶಾಂತಾ ಎಂಬ ಹೆಂಗಸಿನ ಪಾಲಿಗೆ ತೆರೆಯಬೇಕಿದ್ದ ಬಾಗಿಲು ಆ ಸುಳ್ಳಿನಿಂದ ಮುಚ್ಚಿಹೋಯಿತು.

ತೊಂಬತ್ತರ ದಶಕದ ಕೊನೆ. ನಾನು ಮೈಸೂರಿನವಳು, ವಿಲಾಯಿತಿಗೆ ಬಂದು ನೆಲೆಸಿದ ಡಾಕ್ಟರ ಹೆಂಡತಿ. ಸ್ಟ್ಯಾನ್ಮೋರಿನಲ್ಲಿ ಸ್ವಂತ ಮನೆ, ಎರಡು ಕಾರು. ಇಷ್ಟು ಬಿಟ್ಟರೆ ನನ್ನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ—ಇಷ್ಟೇ ಸಾಕೆಂದು ಮೆರೆಯುತ್ತಿದ್ದೆ. ಶಾಂತಾ ಬಿಜಾಪುರದ ಕಡೆಯವಳು. ಗ್ರೀನ್‌ಫರ್ಡಿನಲ್ಲಿ, ಬಡವರಿಗೆಂದು ಸರ್ಕಾರ ಬಾಡಿಗೆಗೆ ಕೊಡುವ ಕೌನ್ಸಿಲ್ ಫ್ಲ್ಯಾಟಿನಲ್ಲಿದ್ದುಕೊಂಡು, ಹ್ಯಾಟ್ ಮಾಡುವ ಸಣ್ಣ ವರ್ಕ್‌ಶಾಪೊಂದರಲ್ಲಿ ದುಡಿಯುತ್ತಿದ್ದಳು. ಕನ್ನಡದವರು ಸೇರಿದಾಗಲೆಲ್ಲ ಅವಳ ಮಾತನ್ನು ಅಣಕಿಸಿ ನಗುವುದು ನಮ್ಮಂಥವರಿಗೆ ಒಂದು ಮೋಜು.

ಗಂಡನ ಮೇಲಧಿಕಾರಿಯಾದ ಡಾಕ್ಟರ ಮನೆಯಲ್ಲಿ ಗಾರ್ಡನ್ ಪಾರ್ಟಿ, ಹೆಂಗಸರು ಹ್ಯಾಟ್ ಹಾಕಿಕೊಂಡೇ ಬರಬೇಕೆಂದಾಗ ಶಾಂತಾಳ ನೆನಪಾಯಿತು. ಬೇಕಾದಾಗ ಮಾತ್ರ ನೆನಪಾಗುತ್ತಿದ್ದಳು. ವಾರದೊಳಗೆ ಕಪ್ಪು ಹ್ಯಾಟೊಂದನ್ನು ತಂದುಕೊಟ್ಟಳು—ನೆತ್ತಿ ತಟ್ಟೆಯಂತೆ ಸಮತಟ್ಟು, ಸುತ್ತಲೂ ಅಗಲವಾದ ಗಟ್ಟಿ ಅಂಚು.

“ಇದು ಸ್ಪೇನಿನ ಕಾರ್ಡೋಬಾ ಕಡೀದ್ರಿ ಅಕ್ಕಾರ,” ಎಂದಳು. “ನಮ್ಮ ವರ್ಕ್‌ಶಾಪಿನ್ಯಾಗ ಅಲ್ಲೀ ಮುದುಕಿ ಒಬ್ಬಾಕಿ ಅದಾಳ, ಆಕಿ ಕಲಿಸಿದ್ಲು. ಮೊದಲ ಹೊಲದಾಗ ದುಡಿಯೋರು ಬಿಸಲಿಗೆ ಹಾಕ್ಕೊಂತಿದ್ರಂತ. ಆಮ್ಯಾಲ ಕುದರಿ ಹತ್ತೋರು, ಕಡೀಕ ಹೆಣ್ಣಮಕ್ಕಳೂ ಹಬ್ಬಕ್ಕ ಹಾಕ್ಕೊಂಡ್ರಂತ. ಯಾರರೆ ಕೇಳಿದ್ರ ನನ್ನ ಹೆಸರು ಹೇಳ್ರಿ. ಸ್ವಂತ ಕೆಲಸ ಸುರು ಮಾಡಬೇಕಂತ ಆಸೆ ಅದ.”

ಕೇಳಿದರು. ಪಾರ್ಟಿ ಕೊಟ್ಟ ಮನೆಯೊಡತಿಯ ತಂಗಿ ಹ್ಯಾಟಿನ ಅಂಗಡಿ ಇಟ್ಟವಳು. ನನ್ನ ತಲೆಯ ಮೇಲಿನದನ್ನು ಕೇಳಿ ತೆಗೆಸಿಕೊಂಡು, ಒಳಗು ಹೊರಗು ತಿರುಗಿಸಿ ನೋಡಿ, “ಯಾರು ಮಾಡಿದ್ದು? ಇಂಥ ಕೈಗಾಗಿಯೇ ಹುಡುಕುತ್ತಿದ್ದೇನೆ,” ಎಂದಳು.

ಒಂದು ಹೆಸರು, ಒಂದು ಫೋನ್ ನಂಬರ್—ಅಷ್ಟೇ ಸಾಕಿತ್ತು. ಆದರೆ ಗ್ರೀನ್‌ಫರ್ಡಿನ ಆ ಹೆಂಗಸು ನನಗೆ ಬೇಕಾದವಳು ಎಂದು ಇವರ ಮುಂದೆ—

“ಸ್ಪೇನಿಗೆ ಹೋಗಿದ್ದಾಗ ಕೊಂಡೆ,” ಎಂದೆ.

ಸ್ಪೇನನ್ನು ನಾನು ಕಂಡೇ ಇರಲಿಲ್ಲ. ಅಲ್ಲಿಗೂ ನಿಲ್ಲಿಸಲಿಲ್ಲ, ಶಾಂತಾ ಹೇಳಿದ ಕಥೆಯನ್ನೇ ಒಪ್ಪಿಸಿದೆ—ಹೊಲದಲ್ಲಿ ದುಡಿಯುವವರನ್ನು ಅದರಿಂದ ಕಿತ್ತುಹಾಕಿ, ಕುದುರೆ ಏರಿದ ಶ್ರೀಮಂತರನ್ನಷ್ಟೇ ಉಳಿಸಿಕೊಂಡು. ಎಲ್ಲರೂ ತಲೆದೂಗಿದರು. ನಾನು ಹಿಗ್ಗಿದೆ. ಎಂಥ ಕ್ಷುದ್ರ ಹಿಗ್ಗು.

ಮರುದಿನ ಶಾಂತಾ ಫೋನ್ ಮಾಡಿದಳು. “ಯಾರರೆ ಏನರೆ ಅಂದ್ರೇನ್ರಿ?”

“ಇಲ್ಲ ಶಾಂತಾ. ಅವರಿಗೆ ಅಷ್ಟೇನೂ ಹಿಡಿಸಲಿಲ್ಲ ಅನ್ಸುತ್ತೆ.”

ಇದನ್ನು ಹೇಳುವ ಅಗತ್ಯವೇ ಇರಲಿಲ್ಲ. ಮೊದಲ ಸುಳ್ಳನ್ನು ಜಂಬ ಹೇಳಿಸಿತು ಎನ್ನಬಹುದು. ಈ ಎರಡನೆಯದು—ಅವಳು ಇದ್ದಲ್ಲೇ ಇರಲಿ ಎಂಬ ತಿರಸ್ಕಾರ, ಬೇರೇನೂ ಅಲ್ಲ.

ವರ್ಕ್‌ಶಾಪ್ ಮುಚ್ಚಿತು. ಶಾಂತಾ ವೇರ್‌ಹೌಸೊಂದರಲ್ಲಿ ಪೆಟ್ಟಿಗೆಗಳಿಗೆ ಟೇಪು ಅಂಟಿಸುವ ಕೆಲಸಕ್ಕೆ ಸೇರಿದಳೆಂದು ಕೇಳಿದೆ. ಕೇಳಿ ಸುಮ್ಮನಾದೆ—ಒಂಬತ್ತು ವರ್ಷ.

ಹೋದ ತಿಂಗಳು ವೆಂಬ್ಲಿಯ ತರಕಾರಿ ಅಂಗಡಿಯಲ್ಲಿ ಎದುರಾದಳು. ಈಗಲೂ ಹ್ಯಾಟ್ ಮಾಡುತ್ತೀಯಾ ಎಂದು ಕೇಳಿದೆ. ಯಾಕೆ ಕೇಳಿದೆನೋ—

“ಇಲ್ರಿ ಅಕ್ಕಾರ. ನೀವ ಹೇಳಿದ್ರಲ್ಲ, ಹಿಡಸಲಿಲ್ಲಂತ. ನನ್ನ ಕೈಯಾಗ ಅಂಥಾದ್ದೇನಿಲ್ಲಂತ ಬಿಟ್ಟಬಿಟ್ಟೆ.”

ಅಲ್ಲೇ, ಬದನೆಕಾಯಿ ರಾಶಿಯ ಪಕ್ಕದಲ್ಲಿ ನಿಂತು, ಎಲ್ಲವನ್ನೂ ಹೇಳಿದೆ. ಅವಳು ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು.

“ಅವತ್ತು ಮಂದಿ ಮುಂದ ಹೇಳಿದ್ರಿ. ಇವತ್ತು ನನ್ನೊಬ್ಬಾಕಿಗೆ ಹೇಳಾಕತ್ತೀರಿ.”

ಅಷ್ಟೇ. ಚೀಲ ಎತ್ತಿಕೊಂಡು ಹೊರಟುಹೋದಳು.

ಆ ಹ್ಯಾಟಿನ ಅಂಗಡಿಯನ್ನು ಹುಡುಕಿಕೊಂಡು ಹೋದೆ. ಮುಚ್ಚಿ ಎಷ್ಟೋ ವರ್ಷವಾಯಿತಂತೆ. ಮಂದಿಯ ಮುಂದೆ ಹೇಳಬೇಕೆಂದರೆ ಈಗ ಉಳಿದಿರುವವರು ನಮ್ಮ ಕನ್ನಡದವರೇ. ಅದಕ್ಕೇ ಇದನ್ನು ಬರೆದಿದ್ದೇನೆ. ಬರುವ ಭಾನುವಾರ ಎಲ್ಲರೂ ಸೇರಿದಾಗ ಎದ್ದು ನಿಂತು ಓದುತ್ತೇನೆ, ಒಂದು ಮಾತನ್ನೂ ಬಿಡದೆ. ಯಾರು ಮುಖ ಸಿಂಡರಿಸಿದರೂ ಸಿಂಡರಿಸಲಿ. ಶಾಂತಾ ಬರುತ್ತಾಳೋ ಇಲ್ಲವೋ ತಿಳಿಯದು—ಬಾ ಎಂದು ಕರೆಯುವ ಮುಖ ನನಗಿಲ್ಲ.