ಹಿಂದಿನ ಪಡಸಾಲೆಯಲ್ಲಿ ಪಂಕಾ ಎಳೆದವನು

ನಾನು ಹಳೆಯ ಕಟ್ಟಡಗಳ ಅಳತೆ ತೆಗೆದು ನಕಾಶೆ ಬರೆಯುವವನು. ಅರ್ಧ ಇಂಚು ತಪ್ಪಿದರೂ ಹಾಳೆ ಹರಿದು ಮತ್ತೆ ಬರೆಯುತ್ತೇನೆ. ಇದನ್ನೂ ಹಾಗೆಯೇ ಬರೆಯುತ್ತಿದ್ದೇನೆ. ಕಂಡದ್ದು, ಕೇಳಿದ್ದು ಇಷ್ಟೇ. ಒಂದು ನೂಲಿನಷ್ಟೂ ಹೆಚ್ಚಿಗೆ ಸೇರಿಸಿಲ್ಲ.

ಹುಕ್ಕೇರಿ ಕಡೆಯ ಒಂದು ಸರಕಾರಿ ಕಚೇರಿ. ಯಾವುದೆಂದು ಹೇಳುವುದಿಲ್ಲ; ಅಲ್ಲಿ ಈಗಲೂ ಜನ ಕೆಲಸ ಮಾಡುತ್ತಾರೆ. ಬ್ರಿಟಿಷರ ಕಾಲದ ಕಟ್ಟಡ. ಕರಿಗಲ್ಲಿನ ಗೋಡೆ, ಸುಣ್ಣದ ಗಾರೆ, ಸಾಗವಾನಿ ತೊಲೆ, ಮೇಲೆ ಮಂಗಳೂರು ಹೆಂಚು. ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿದ್ದರಿಂದ, ದುರಸ್ತಿಗೆ ಮೊದಲು ಮೂಲೆಮೂಲೆಯ ಅಳತೆ ಬೇಕಿತ್ತು. ಹಗಲೆಲ್ಲ ಜನರ ಗದ್ದಲ. ಹೀಗಾಗಿ ಅಂಕಲಗಿಯಿಂದ ಸಂಜೆ ಬಸ್ಸಿಗೆ ಬಂದು, ಕಚೇರಿ ಮುಚ್ಚಿದ ಮೇಲೆ ಅಳೆಯುತ್ತಿದ್ದೆ.

ಟೇಪಿನ ಇನ್ನೊಂದು ತುದಿ ಹಿಡಿಯುತ್ತಿದ್ದವರು ಕಾವಲುಗಾರ ಭರಮಪ್ಪ ಕಾಕಾ. ಅರವತ್ತರ ಹತ್ತಿರದವರು. ದಮ್ಮಿನ ಕಾಯಿಲೆ. ಅಂಗಿಯ ಕಿಸೆಯಲ್ಲಿ ಸದಾ ದಮ್ಮಿನ ಪಂಪು.

ಕೊನೆಗೆ ಉಳಿದದ್ದು ಹಿಂದಿನ ದೊಡ್ಡ ಕೋಣೆ. ಒಂದು ಕಾಲಕ್ಕೆ ಸಾಹೇಬರು ಕೂಡುತ್ತಿದ್ದ ಜಾಗ. ಕಿಟಕಿಗಳ ಚೌಕಟ್ಟು ಹುಳು ತಿಂದಿತ್ತು, ಹೊರಗಿನಿಂದ ಹಲಗೆ ಹೊಡೆದಿದ್ದರು. ಹಿಂಗೋಡೆಯಲ್ಲಿ ಒಂಬತ್ತು ಅಡಿ ಎತ್ತರಕ್ಕೆ ಒಂದು ತೂತು. ಮುಷ್ಟಿಯಷ್ಟು ಅಗಲ. ಅದರ ಕೆಳ ಅಂಚು ನುಣ್ಣಗೆ ಸವೆದಿತ್ತು.

"ಅದು ಸಾಹೇಬ್ರ ಫ್ಯಾನಿಂದು ಸ್ವಿಚ್ಚರಿ," ಕಾಕಾ ನಕ್ಕರು. "ಮನಷ್ಯಾ ಸ್ವಿಚ್! ಮ್ಯಾಲ ದೊಡ್ಡ ಅರಬಿ ಪಂಕಾ, ಬಟ್ಟೀದು, ತೂಗ ಹಾಕ್ತಿದ್ರು. ಹಗ್ಗ ಈ ತೂತಿನಾಗಿಂದ ಹಿಂದಿನ ಪಡಸಾಲಿಗಿ. ಅಲ್ಲೊಬ್ಬಾಂವ ಕುಂತು ಎಳೀತಿದ್ದ. ಸಾಹೇಬ್ರು ಸಾಕಂದ ಮ್ಯಾಲೇ ಬಿಡೂದು."

"ಸಾಹೇಬ್ರು ಸಾಕನ್ನೂದ ಮರೆತು ಮನೀಗಿ ಹೋದ್ರ?"

"ಎಳಕೋತ ಕುಂದರೂದು! ಮತ್ತೇನ್ರಿ, ಇವನ ಕರೆಂಟ್ ಯಾರ್ ತಗೀತಾರ?"

ಆ ಸಂಜೆ ಬೆಳಕಿರುವಾಗಲೇ ಆ ಪಡಸಾಲೆಯನ್ನು ನೋಡಿದ್ದೆ. ಗೋಡೆಗೆ ಒರಗಿ ಕೂತವನ ಬೆನ್ನು ತಾಗುವಲ್ಲಿ ಗಾರೆ ಕಪ್ಪಗೆ, ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ನೆಲದಿಂದ ಎರಡಡಿ ಎತ್ತರ. ಅಳೆದು ಬರೆದುಕೊಂಡಿದ್ದೆ.

ಏಪ್ರಿಲ್ ತಿಂಗಳ ಸೆಕೆ. ಕಾಕಾ ಅಂಗಿ ತೆಗೆದು ಮುಂದಿನ ಪಡಸಾಲೆಯ ಮೊಳೆಗೆ ಹಾಕಿದ್ದರು. ನನ್ನ ಮೊಬೈಲೂ ಅಲ್ಲೇ ಚಾರ್ಜಿಗೆ ಇತ್ತು. ಗೋಡೆಯ ಬುಡ ಅಳೆಯಲು ಇಬ್ಬರೂ ಸೇರಿ ಹಳೆಯ ಕಪಾಟು ಸರಿಸಿದೆವು. ಧೂಳು ಮುಗಿಲಿನಂತೆ ಎದ್ದಿತು. ಅದೇ ಹೊತ್ತಿಗೆ ಬಿಸಿಗಾಳಿ ಒಮ್ಮೆ ಬೀಸಿ... ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು.

ಹೊರಗಿನ ಕಬ್ಬಿಣದ ಚಿಲಕ ಬಿದ್ದ ಸದ್ದು ಸ್ಪಷ್ಟವಾಗಿ ಕೇಳಿಸಿತು.

ಕರೆಂಟೂ ಹೋಯಿತು. ಕೈಗಡಿಯಾರದಲ್ಲಿ ಏಳೂ ನಲವತ್ತು.

ಬಾಗಿಲಿಗೆ ಭುಜ ಕೊಟ್ಟೆ. ಒದ್ದೆ. ಎರಡು ಇಂಚು ದಪ್ಪದ ಸಾಗವಾನಿ, ಅಲುಗಲಿಲ್ಲ. ಕೂಗಿದೆ. ಗೋಡೆಗಳು ಇಪ್ಪತ್ತೇಳು ಇಂಚು ದಪ್ಪ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಕಾಕಾನ ಎದೆಯಿಂದ ಸುಯ್... ಸುಯ್... ಶುರುವಾಯಿತು.

"ಪಂಪ್... ಅಂಗ್ಯಾಗ ಐತ್ರಿ," ಎಂದರು. ಅಷ್ಟೇ. ಮುಂದೆ ಮಾತು ಬರಲಿಲ್ಲ.

ಅವರನ್ನು ಹಿಂಗೋಡೆಗೆ ಒರಗಿಸಿ ಕೂಡಿಸಿದೆ. ನಕಾಶೆಯ ಹಾಳೆಯಿಂದ ಬೀಸಿದೆ. ಹಾಳೆ ಹರಿಯಿತು. ಚೀಲದಲ್ಲಿದ್ದ ಬ್ಯಾಟರಿಯ ಬೆಳಕಿನಲ್ಲಿ ಅವರ ತುಟಿ ನೀಲಿಯಾಗಿ ಕಾಣುತ್ತಿತ್ತು. ಅಂಗಿ ಇದ್ದದ್ದು ಮೂವತ್ತೊಂದು ಅಡಿ ದೂರದಲ್ಲಿ. ಆ ಅಳತೆಯನ್ನೂ ನಾನೇ ತೆಗೆದಿದ್ದೆ.

ಕೊನೆಗೆ ಮೂಲೆಯ ಮೇಜು ಎಳೆದು, ಅದರ ಮೇಲೆ ಕುರ್ಚಿ ಇಟ್ಟು ಹತ್ತಿ ಆ ತೂತಿಗೆ ಬಾಯಿ ಹಚ್ಚಿ ಕೂಗಿದೆ. "ಯಾರರೆ ಅದೀರೇನ್ರಿ? ಗಾಳಿ ಬೇಕ್ರಿ! ಮನಷ್ಯಾ ಸಾಯಾಕತ್ತಾನ್ರಿ!"

ಆ ಕಡೆ ಯಾರೋ ಗೋಡೆಗೆ ಒರಗಿ ಕೂತ ಸದ್ದು.

ಕಿರ್... ಕಿರ್... ಕಿರ್...

ಒದ್ದೆಯಾದ ಪುಂಡಿ ನಾರಿನ ಹಗ್ಗದ ವಾಸನೆ ಬಂತು. ಹಿಂದೆಯೇ ಮುಖಕ್ಕೆ ಗಾಳಿ ತಾಗಿತು. ತಣ್ಣಗೆ. ಮೇಲಿನಿಂದ.

ಬ್ಯಾಟರಿ ಎತ್ತಿ ಹಿಡಿದೆ. ಪಂಕಾ ಇರಲಿಲ್ಲ, ಹಗ್ಗ ಇರಲಿಲ್ಲ. ತೊಲೆಗೆ ಹೊಡೆದ ನಾಲ್ಕು ಹಳೆಯ ಕಬ್ಬಿಣದ ಬಳೆಗಳು ಮಾತ್ರ... ನಾಲ್ಕೂ ಒಟ್ಟಿಗೆ ತೂಗುತ್ತಿದ್ದವು.

"ಗಾಳಿ ಬಂತ್ರಿ..." ಕಾಕಾ ಕಣ್ಣು ಮುಚ್ಚಿ ಪಿಸುಗುಟ್ಟಿದರು.

ಎಣಿಸಿದೆ. ನಿಮಿಷಕ್ಕೆ ಹದಿನೆಂಟು ಸಲ. ಕಾಕಾನ ಉಸಿರು ಅದಕ್ಕೆ ಹೊಂದಿಕೊಂಡಿತು. ಅದು ನಿಧಾನವಾದರೆ ಇವರೂ ತಡವರಿಸುತ್ತಿದ್ದರು. ಕೈ ಹಿಡಿದು ಕೂಡುವುದರ ಹೊರತು ನನ್ನಿಂದ ಏನೂ ಆಗುತ್ತಿರಲಿಲ್ಲ.

ನಡುರಾತ್ರಿಯ ಹೊತ್ತಿಗೆ ಗೋಡೆಯ ಆಚೆ ಕೆಮ್ಮು ಕೇಳಿಸಿತು. ವಯಸ್ಸಾದವನ ಕೆಮ್ಮು. ಎಳೆತ ಹದಿನಾಲ್ಕಕ್ಕಿಳಿಯಿತು. ಹನ್ನೊಂದು... ಒಂಬತ್ತು... ನಿಂತಿತು. ಕಾಕಾನ ತಲೆ ನನ್ನ ಹೆಗಲ ಮೇಲೆ ವಾಲಿತು.

ಆಗ ನನ್ನ ಬಾಯಿಂದ ಬಂದದ್ದನ್ನು ಮರೆಮಾಚುವುದಿಲ್ಲ. ಆವರೆಗೆ ನಾನು ಯಾವ ಜವಾನನನ್ನೂ ಗದರಿಸಿದವನಲ್ಲ.

"ಏ! ನಿಲ್ಲಿಸಬ್ಯಾಡ! ಎಳಿ!"

ಕಿರ್... ಕಿರ್... ಮತ್ತೆ ಶುರುವಾಯಿತು.

ಬೆಳಗಿನವರೆಗೆ ಎಷ್ಟು ಸಲ ಹಾಗೆ ಗದರಿಸಿದೆನೋ. ಎಲ್ಲವನ್ನೂ ಎಣಿಸುವ ನಾನು ಅದನ್ನು ಮಾತ್ರ ಎಣಿಸಲಿಲ್ಲ. ಪ್ರತಿ ಸಲ ಕೆಮ್ಮು ಹೆಚ್ಚಾಗುತ್ತಿತ್ತು. ಪ್ರತಿ ಸಲ ಎಳೆತ ಮುಂದುವರಿಯುತ್ತಿತ್ತು.

ತೂತಿನಲ್ಲಿ ಬೂದು ಬೆಳಕು ಮೂಡಿದಾಗ ಆ ಕಡೆಯಿಂದ ಒಂದು ದನಿ ಬಂತು. ಬಹಳ ಸಣ್ಣದು, ಬಹಳ ದಣಿದದ್ದು.

"ಸಾಕೇನ್ರಿ... ಸಾಹೇಬ್ರ?"

ನಾನು ಕಾಕಾನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದೆ.

ಅಷ್ಟರಲ್ಲಿ ಚಿಲಕ ಸರಿಯಿತು. ಕಸ ಗುಡಿಸುವ ಯಲ್ಲವ್ವ. "ಅಯ್ಯ ಶಿವನ, ಒಳಗ ಯಾರ್ರಿ? ಭರಮಣ್ಣಾ, ಏನಾತೋ ನಿನಗ?" ನಾನು ಓಡಿಹೋಗಿ ಅಂಗಿ ತಂದೆ. ಪಂಪಿನ ಎರಡು ಗುಟುಕಿಗೆ ಕಾಕಾ ಕಣ್ಣು ತೆರೆದರು.

ಆಮೇಲೆ ಹಿಂದಿನ ಪಡಸಾಲೆಗೆ ಹೋದೆ. ಯಾರೂ ಇರಲಿಲ್ಲ. ನೆಲದ ಧೂಳಿನ ಮೇಲೆ ನನ್ನದೇ ಹಿಂದಿನ ದಿನದ ಹೆಜ್ಜೆಗಳು ಮಾತ್ರ. ಗೋಡೆಯ ಆ ಕಪ್ಪು ಕಲೆಯ ಮೇಲೆ ಕೈ ಇಟ್ಟೆ. ಒದ್ದೆಯಾಗಿತ್ತು. ಬೆಚ್ಚಗಿತ್ತು. ಬೆವರಿನ ವಾಸನೆ.

ಕಾಕಾ ಈಗ ಕೆಲಸ ಬಿಟ್ಟು ಯಮಕನಮರಡಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ನೋಡಲು ಹೋಗಿದ್ದಾಗ ಅವರು ಕೇಳಿದ್ದು ಒಂದೇ ಮಾತು.

"ನನ್ನ ಜೀಂವಾ ಉಳಸಿದಾಂವ ಅಂವ. ಸಾಕಪಾ ಅಂತ ಹೇಳಿದ್ರಿ ಹೌದಲ್ರಿ?"

ನಾನು ಚಹಾದ ಬಟ್ಟಲನ್ನೇ ನೋಡುತ್ತ ಕೂತೆ.

ಹೊಸ ಕಾವಲುಗಾರ ಹೋದ ತಿಂಗಳು ಫೋನ್ ಮಾಡಿದ್ದ. "ಸರ, ಹಿಂದಿನ ಪಡಸಾಲ್ಯಾಗ ರಾತ್ರಿ ಪೂರ್ತಿ ಏನೋ ಕಿರ್ ಕಿರ್ ಅಂತೈತ್ರಿ. ತೊಲಿ ಸಡಲ ಆಗ್ಯಾವೇನ್ರಿ?" ನೋಡುತ್ತೇನೆ ಎಂದೆ.

ಎರಡು ಸಲ ಹುಕ್ಕೇರಿ ಬಸ್ ನಿಲ್ದಾಣದವರೆಗೆ ಹೋಗಿದ್ದೇನೆ. ಎರಡು ಸಲವೂ ಕತ್ತಲಾಗುವ ಮೊದಲೇ ಅದೇ ಬಸ್ಸಿಗೆ ಮರಳಿದ್ದೇನೆ. ಆ ತೂತಿಗೆ ಬಾಯಿ ಹಚ್ಚಿ ಒಂದೇ ಒಂದು ಮಾತು ಹೇಳಬೇಕು, ಅಷ್ಟೇ.

ಆದರೆ ಹೇಳಿದ ಮೇಲೆ ಆ ಕಡೆಯಿಂದ "ಇಷ್ಟ ದಿನಾ ಯಾಕ ಹೇಳಲಿಲ್ರಿ, ಸಾಹೇಬ್ರ?" ಎಂದು ದನಿ ಬಂದರೆ...?